ಹಳೇ ಕಾರ್ಖಾನೆಯ ಜಾಗ: ಮಣ್ಣಿನ ಪರೀಕ್ಷೆ ಮೊದಲು, ಕಟ್ಟಡ ಆಮೇಲೆ

ನದಿ ದಂಡೆಯ ಜಾಗ ಅಂದರೆ ಯಾರಿಗೆ ಆಸೆ ಇಲ್ಲ? ನೀರು ಹತ್ತಿರ, ಗಾಳಿ ಚೆನ್ನ, ಪೇಟೆಯೂ ದೂರವಿಲ್ಲ. ಹಿಂದಿನ ಕಾಲದ ಕಾರ್ಖಾನೆಗಳೂ ಇಂಥ ಜಾಗವನ್ನೇ ಆರಿಸಿಕೊಂಡವು. ಅವುಗಳಿಗೆ ನೀರು ಬೇಕಿತ್ತು, ಕೊಳಕು ಹಾಕಲು ಜಾಗವೂ ಬೇಕಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಕಟ್ಟಡ ಬೀಳುತ್ತದೆ, ಹುಲ್ಲು ಬೆಳೆಯುತ್ತದೆ, ಜಾಗ ಖಾಲಿ ಅಂತ ಕಾಣುತ್ತದೆ. ಮಣ್ಣಿನೊಳಗೆ ಏನು ಉಳಿದಿದೆ ಅನ್ನುವುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಇಂಥ ಜಾಗವನ್ನು ಹೇಗೆ ಪರೀಕ್ಷಿಸಬೇಕು, ಮತ್ತೆ ಹೇಗೆ ಬಳಕೆಗೆ ತರಬೇಕು ಎಂಬುದನ್ನು ಅಮೆರಿಕದ ಒಂದು ಗಡಿ ಪಟ್ಟಣದ ಅನುಭವದಿಂದ ತಿಳಿದುಕೊಳ್ಳೋಣ.

ಎಲ್ ಪಾಸೊದಲ್ಲಿ ನಡೆದದ್ದು

ಟೆಕ್ಸಾಸ್ ರಾಜ್ಯದ ಎಲ್ ಪಾಸೊ ಪಟ್ಟಣ ರಿಯೊ ಗ್ರಾಂಡೆ ನದಿಯ ದಡದಲ್ಲಿದೆ. ನದಿ ದಾಟಿದರೆ ಮೆಕ್ಸಿಕೊ ದೇಶದ ಹುವಾರೆಸ್ ಪಟ್ಟಣ. 1887ರಲ್ಲಿ ಇಲ್ಲಿ ನದಿ ಪಕ್ಕದಲ್ಲೇ ಅದಿರು ಕರಗಿಸುವ ಕಾರ್ಖಾನೆ ಶುರುವಾಯಿತು. 1899ರಿಂದ ಅದು ಆಸಾರ್ಕೊ ಕಂಪನಿಯ ಕೈಯಲ್ಲಿತ್ತು. ಸೀಸ, ಆಮೇಲೆ ತಾಮ್ರ, ಸತು ಇಲ್ಲಿ ತಯಾರಾದವು. ಕೆಲಸಕ್ಕೆ ಬಂದ ಮೆಕ್ಸಿಕೊ ಮೂಲದ ಕುಟುಂಬಗಳು ಕಾರ್ಖಾನೆಯ ಬುಡದಲ್ಲೇ ಮನೆ ಕಟ್ಟಿಕೊಂಡವು. ಆ ಊರಿಗೆ ಸ್ಮೆಲ್ಟರ್‌ಟೌನ್ ಎಂದೇ ಹೆಸರು ಬಂತು. ಅಲ್ಲಿ ಶಾಲೆ ಇತ್ತು, ಅಂಗಡಿಗಳಿದ್ದವು, ಸಂತ ಜೋಸೆಫರ ಹೆಸರಿನ ಚರ್ಚೂ ಇತ್ತು.

1970ರಲ್ಲಿ ಹೊಗೆಯ ವಿಚಾರವಾಗಿ ಪಟ್ಟಣದ ಆಡಳಿತ ಕಂಪನಿಯ ಮೇಲೆ ಮೊಕದ್ದಮೆ ಹಾಕಿತು. ಲೆಕ್ಕ ತೆಗೆದು ನೋಡಿದಾಗ, 1969ರಿಂದ 1971ರವರೆಗಿನ ಮೂರು ವರ್ಷದಲ್ಲಿ 1,100 ಟನ್‌ಗೂ ಹೆಚ್ಚು ಸೀಸ ಗಾಳಿಗೆ ಹೋಗಿತ್ತು. 1972ರಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿದರು. ಕಾರ್ಖಾನೆಯಿಂದ ಸುಮಾರು ಒಂದು ಮೈಲಿಯೊಳಗೆ ವಾಸವಿದ್ದ 1ರಿಂದ 9 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸೀಸದ ಪ್ರಮಾಣ ಡೆಸಿಲೀಟರ್ ರಕ್ತಕ್ಕೆ 40 ಮೈಕ್ರೋಗ್ರಾಂ ಅಥವಾ ಅದಕ್ಕೂ ಮೇಲಿತ್ತು. ಈಗ ಅಮೆರಿಕದಲ್ಲಿ 3.5 ಇದ್ದರೇ ಮಗುವಿನ ಬಗ್ಗೆ ಎಚ್ಚರ ವಹಿಸುತ್ತಾರೆ. ನದಿಯಾಚೆ ಹುವಾರೆಸ್‌ನ ಮಕ್ಕಳಲ್ಲೂ ಸೀಸ ಹೆಚ್ಚಾಗಿರುವುದು ಆ ದಶಕದಲ್ಲೇ ಕಂಡುಬಂತು. ಹೊಗೆಗೆ ಗಡಿ ಗೊತ್ತಿಲ್ಲ ಅಲ್ವೇ?

ಆದರೂ ಸ್ಮೆಲ್ಟರ್‌ಟೌನ್‌ನ ಅನೇಕರಿಗೆ ಊರು ಬಿಡಲು ಮನಸ್ಸಿರಲಿಲ್ಲ. ಮಕ್ಕಳು ಆಡಿಕೊಂಡು ಚೆನ್ನಾಗಿಯೇ ಇದ್ದಂತೆ ಕಾಣುತ್ತಿದ್ದರು. ಸೀಸದ ಗುಣವೇ ಹಾಗೆ. ಅದು ಜ್ವರದ ಹಾಗೆ ಹೊರಗೆ ತೋರುವುದಿಲ್ಲ. ಮೆಲ್ಲನೆ ಮಿದುಳಿನ ಬೆಳವಣಿಗೆ, ಓದು, ನಡತೆಗೆ ಪೆಟ್ಟು ಕೊಡುತ್ತದೆ. ಕೊನೆಗೆ 1973ರ ಹೊತ್ತಿಗೆ ಮನೆಗಳನ್ನು ಕೆಡವಿದರು. ತಲೆಮಾರುಗಳಿಂದ ಬಾಳಿದ ಊರೇ ಇಲ್ಲವಾಯಿತು.

ಕಾರ್ಖಾನೆ 1999ರಲ್ಲಿ ನಿಂತಿತು. 2005ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರಲ್ಲಿ ಆದ ಒಪ್ಪಂದದಂತೆ ಈ ಜಾಗದ ಶುದ್ಧೀಕರಣಕ್ಕೆ ಸುಮಾರು 5 ಕೋಟಿ 20 ಲಕ್ಷ ಡಾಲರ್ ಇಟ್ಟು, ಕೆಲಸವನ್ನು ಒಂದು ಟ್ರಸ್ಟಿಗೆ ಒಪ್ಪಿಸಿದರು. 828 ಅಡಿ ಎತ್ತರದ ಚಿಮಣಿಯನ್ನು ಊರಿನ ಗುರುತಾಗಿ ಉಳಿಸಬೇಕು ಅಂತ ಕೆಲವರು ಹೋರಾಡಿದರು. 2013ರ ಏಪ್ರಿಲ್ 13ರಂದು ಅದನ್ನೂ ಉರುಳಿಸಲಾಯಿತು.

ಪರೀಕ್ಷೆ ಹೇಗೆ ಮಾಡುತ್ತಾರೆ?

ಅಮೆರಿಕದಲ್ಲಿ ಹಳೇ ಕಾರ್ಖಾನೆ ಜಾಗಗಳ ಮರುಬಳಕೆಗೆಂದೇ 2002ರಲ್ಲಿ ಕಾನೂನು ಬಂತು. ಕೆಲಸ ಹಂತ ಹಂತವಾಗಿ ನಡೆಯುತ್ತದೆ.

ಒಂದನೇ ಹಂತ: ಚರಿತ್ರೆ ಕೇಳುವುದು. ಇಲ್ಲಿ ಮಣ್ಣು ಅಗೆಯುವುದಿಲ್ಲ. ಹಳೇ ನಕ್ಷೆ, ಆಕಾಶದಿಂದ ತೆಗೆದ ಫೋಟೋ, ದಾಖಲೆ ನೋಡುತ್ತಾರೆ. ಜಾಗದಲ್ಲಿ ನಡೆದಾಡುತ್ತಾರೆ. ಅಲ್ಲಿ ದುಡಿದವರನ್ನು, ಊರಿನ ಹಿರಿಯರನ್ನು ಮಾತಾಡಿಸುತ್ತಾರೆ. ಎಣ್ಣೆ ಟ್ಯಾಂಕ್ ಎಲ್ಲಿತ್ತು, ಕಿಟ್ಟ ಎಲ್ಲಿ ಸುರಿದರು ಎಂಬುದು ಕಾಗದಕ್ಕಿಂತ ಹಳೇ ಕೆಲಸಗಾರರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಎರಡನೇ ಹಂತ: ಮಾದರಿ ತೆಗೆಯುವುದು. ಸಂಶಯ ಇರುವ ಕಡೆ ಬೇರೆ ಬೇರೆ ಆಳದಿಂದ ಮಣ್ಣು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಸಣ್ಣ ಕೊಳವೆಬಾವಿ ಕೊರೆದು ಅಂತರ್ಜಲ ಪರೀಕ್ಷಿಸುತ್ತಾರೆ. ನದಿ ದಂಡೆಯಲ್ಲಿ ಇದು ಬಹಳ ಮುಖ್ಯ. ಯಾಕೆಂದರೆ ನೆಲದೊಳಗಿನ ನೀರು ನಿಧಾನವಾಗಿ ನದಿ ಕಡೆ ಹರಿಯಬಹುದು, ವಿಷವನ್ನೂ ಜೊತೆಗೆ ಒಯ್ಯಬಹುದು.

ಮೂರನೇ ಹಂತ: ಅಪಾಯ ಅಳೆಯುವುದು. ವಿಷ ಇದೆಯೇ, ಅದು ಮನುಷ್ಯನ ಬಳಿ ಬರಲು ದಾರಿ ಇದೆಯೇ, ಆ ದಾರಿಯಲ್ಲಿ ಯಾರಿದ್ದಾರೆ? ಈ ಮೂರೂ ಸೇರಿದರೆ ಅಪಾಯ. ಗೋಡೌನ್ ಕಟ್ಟಲು ಸಾಕಾಗುವಷ್ಟು ಶುದ್ಧವಾದ ಮಣ್ಣು ಅಂಗನವಾಡಿಗೆ ಸಾಲದು. ಮಗು ಮಣ್ಣಲ್ಲಿ ಆಡುತ್ತದೆ, ಕೈ ಬಾಯಿಗೆ ಹಾಕುತ್ತದೆ. ಹಾಗಾಗಿ ಮನೆಯ ಅಂಗಳದ ಮಣ್ಣಿಗೆ ಅಳತೆ ಬಿಗಿ. ಅಮೆರಿಕದಲ್ಲಿ ಹತ್ತು ಲಕ್ಷ ಭಾಗ ಮಣ್ಣಿಗೆ 400 ಭಾಗ ಸೀಸ ಎಂದಿದ್ದ ಎಚ್ಚರಿಕೆಯ ಮಟ್ಟವನ್ನು 2024ರಲ್ಲಿ 200ಕ್ಕೆ ಇಳಿಸಿದರು.

ನಾಲ್ಕನೇ ಹಂತ: ಶುದ್ಧೀಕರಣ. ಕೆಟ್ಟ ಮಣ್ಣನ್ನು ತೆಗೆಯಬಹುದು, ಅಲ್ಲೇ ಭದ್ರವಾದ ಗುಂಡಿಯಲ್ಲಿಟ್ಟು ಮುಚ್ಚಬಹುದು, ನೀರನ್ನು ಶುದ್ಧ ಮಾಡಬಹುದು. ಎಲ್ ಪಾಸೊದಲ್ಲಿ ಮನೆಗಳ ಅಂಗಳದ ಮಣ್ಣನ್ನೇ ಅಗೆದು ಬೇರೆ ಮಣ್ಣು ತುಂಬಿದರು. ಹೀಗೆ ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮಾಡಬೇಕಾಯಿತು. ಸೀಸ ಕೊಳೆತು ಹೋಗುವ ವಸ್ತುವಲ್ಲ. ನಾವಾಗಿ ತೆಗೆಯದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಅದು ಅಲ್ಲೇ ಇರುತ್ತದೆ.

ಐದನೇ ಹಂತ: ಕಾವಲು. ಮುಚ್ಚಿಟ್ಟ ವಿಷವನ್ನು ಯಾರೂ ಅರಿಯದೆ ಮತ್ತೆ ಅಗೆಯಬಾರದು. ಅದಕ್ಕಾಗಿ ಜಾಗದ ಪತ್ರದಲ್ಲೇ ನಿರ್ಬಂಧ ಬರೆಯುತ್ತಾರೆ, ಇಲ್ಲಿ ಬಾವಿ ತೋಡಬಾರದು, ಮನೆ ಕಟ್ಟಬಾರದು ಅಂತ. ನೀರಿನ ಪರೀಕ್ಷೆ ವರ್ಷಗಟ್ಟಲೆ ಮುಂದುವರಿಯುತ್ತದೆ.

ನಾವು ಏನು ಮಾಡಬಹುದು?

ನಮ್ಮಲ್ಲಿ ಸೈಟ್ ಕೊಳ್ಳುವಾಗ ಪಹಣಿ ನೋಡುತ್ತೇವೆ, ಋಣಭಾರ ಪತ್ರ ನೋಡುತ್ತೇವೆ. ಜಾಗ ಯಾರದು, ಸಾಲ ಇದೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ. ಅಲ್ಲಿ ಏನು ಹೂತಿದ್ದಾರೆ ಎಂಬುದು ತಿಳಿಯುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

* ಈ ಜಾಗದಲ್ಲಿ ಹಿಂದೆ ಪೆಟ್ರೋಲ್ ಬಂಕ್, ಬ್ಯಾಟರಿ ಕೆಲಸ, ಬಣ್ಣದ ಅಥವಾ ಚರ್ಮದ ಕಾರ್ಖಾನೆ, ಕಸದ ರಾಶಿ ಇತ್ತೇ?
* ಬಾವಿ ನೀರನ್ನು ಪರೀಕ್ಷೆ ಮಾಡಿಸಿದ್ದಾರೆಯೇ? ಅದರಲ್ಲಿ ಸೀಸದಂಥ ಲೋಹಗಳನ್ನೂ ನೋಡಿದ್ದಾರೆಯೇ?
* ತುಂಬಿಸಿದ ಮಣ್ಣು ಎಲ್ಲಿಂದ ಬಂತು?

2025ರಲ್ಲಿ ನಮ್ಮ ದೇಶದಲ್ಲೂ ಕಲುಷಿತ ಜಾಗಗಳ ನಿರ್ವಹಣೆಗೆ ನಿಯಮ ಹೊರಬಂದಿದೆ. ಸಂಶಯ ಇರುವ ಜಾಗಗಳನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಗುರುತಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ಆದ್ದರಿಂದ ಸಂಘದ ಸಭೆಯಲ್ಲಿ, ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಈ ಮಾತು ಎತ್ತಿ. ನಿಮ್ಮ ಅರ್ಜಿಗೆ ಹಿಂಬರಹ ಪಡೆಯಿರಿ.

ಅಭಿವೃದ್ಧಿ ಬೇಡ ಅಂತ ನಾವು ಹೇಳುತ್ತಿಲ್ಲ. ಹಾಳುಬಿದ್ದ ಜಾಗದಲ್ಲಿ ಉದ್ಯಾನ, ಮಾರುಕಟ್ಟೆ, ಕೆಲಸ ಬಂದರೆ ಊರಿಗೇ ಒಳ್ಳೆಯದು, ಹೊಸ ಗದ್ದೆ ಕಾಡು ಕಡಿಯುವುದೂ ತಪ್ಪುತ್ತದೆ. ಆದರೆ ಪರೀಕ್ಷೆಯ ಖರ್ಚು ಉಳಿಸಲು ಹೋದರೆ ಆ ಬಾಕಿಯನ್ನು ಕಟ್ಟುವವರು ಮಕ್ಕಳು. ಮೊದಲು ಮಣ್ಣು ನೋಡೋಣ, ಆಮೇಲೆ ಪಾಯ ತೆಗೆಯೋಣ.