ಅಲ್ ಕುಸೈಸ್ ಅಲುಗಿತು, ಕಿಲ್ಲಾರಿ ಕುಸಿದಿತ್ತು

2013ರ ಏಪ್ರಿಲ್ 16ರ ಮಧ್ಯಾಹ್ನ ದುಬೈನ ಅಲ್ ಕುಸೈಸಿನ ನಮ್ಮ ಕಟ್ಟಡ ಓಲಾಡಿತು. ಮೆಟ್ಟಿಲಿಳಿದು ಪಾರ್ಕಿಂಗಿಗೆ ಓಡಿದೆವು. ಮಲಯಾಳಿಗಳು, ಪಾಕಿಸ್ತಾನದವರು, ಫಿಲಿಪಿನೋಗಳು, ಕೆಲವರ ಕಾಲಲ್ಲಿ ಚಪ್ಪಲಿಯೂ ಇಲ್ಲ. ಇರಾನಿನ ಸರಾವಾನ್ ಬಳಿ ಭೂಕಂಪ, ತೀವ್ರತೆ 7.7. ಸತ್ತವರು ಕೆಲವೇ ಡಜನ್ ಮಂದಿ, ಹೆಚ್ಚಿನವರು ಗಡಿಯಾಚೆ ಪಾಕಿಸ್ತಾನದಲ್ಲಿ.

ಕಲಬುರಗಿಯವನಾದ ನನಗೆ ಈ ಲೆಕ್ಕ ಒಗಟಾಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಮಲಗಿದ್ದ ಮಹಾರಾಷ್ಟ್ರದ ಕಿಲ್ಲಾರಿ ಸೀಮೆಯಲ್ಲಿ ಭೂಕಂಪಕ್ಕೆ ಸುಮಾರು 10,000 ಜನ ಸತ್ತರು. ನಮ್ಮ ಅಡುಗೆಮನೆಯ ಪಾತ್ರೆಗಳೂ ಉರುಳಿದ್ದವು. ಅದರ ತೀವ್ರತೆ ಬರೀ 6.2! ಶಕ್ತಿಯ ಲೆಕ್ಕದಲ್ಲಿ ಸರಾವಾನ್ ಅದಕ್ಕಿಂತ ನೂರು ಪಟ್ಟಿಗೂ ಮಿಗಿಲು.

ವ್ಯತ್ಯಾಸ ಇರುವುದು ಆಳದಲ್ಲಿ, ಮನೆಗಳಲ್ಲಿ. ಸರಾವಾನ್ ಕಂಪನ ಹುಟ್ಟಿದ್ದು ಸುಮಾರು 80 ಕಿ.ಮೀ. ಕೆಳಗೆ, ನೆಲ ಮುಟ್ಟುವಷ್ಟರಲ್ಲಿ ಬಿರುಸು ತಗ್ಗಿತ್ತು, ಸುತ್ತ ಜನವಸತಿಯೂ ವಿರಳ. ಕಿಲ್ಲಾರಿಯದು ತೀರಾ ಮೇಲ್ಪದರದಲ್ಲಿ, ಅದರ ಮೇಲೆ ಮಣ್ಣು ಮೆತ್ತಿ ಪೇರಿಸಿದ ಕಲ್ಲುಗೋಡೆ, ಭಾರದ ಮಣ್ಣಿನ ಮಾಳಿಗೆ. ನಮ್ಮ ಕಡೆಯೂ ಮನೆ ಕಟ್ಟುತ್ತಿದ್ದುದು ಹಾಗೆಯೇ, ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. 2003ರ ಡಿಸೆಂಬರ್ 26ರಂದು ಇರಾನಿನ ಬಾಮ್‌ನಲ್ಲಿ ಹಸಿ ಇಟ್ಟಿಗೆಯ ಮನೆಗಳಡಿ ಸುಮಾರು 26,000 ಜನ ಹೋದರು; ತೀವ್ರತೆ 6.6. 1556ರಲ್ಲಿ ಚೀನಾದ ಶಾನ್‌ಷಿಯಲ್ಲಿ ಮೆದುಮಣ್ಣಿನ ಗುಡ್ಡದ ಗುಹೆಮನೆಗಳು ಕುಸಿದವು. ಅಲ್ಲಿ 8,30,000 ಮಂದಿ ಸತ್ತರೆಂದು ಹಳೆಯ ದಾಖಲೆ. ಭೂಕಂಪಗಳ ಇತಿಹಾಸದಲ್ಲೇ ಅತಿ ದೊಡ್ಡ ಸಂಖ್ಯೆ.