ಸ್ಮರಣ ಸಂಚಿಕೆ ಅಚ್ಚಿಗೆ ಹೋಗುವ ಮುನ್ನ: ಸಂಪಾದಕರನ್ನು, ಕರಡು ತಿದ್ದುವವರನ್ನು ಆರಿಸುವ ಬಗೆ

ಭಟ್ಕಳ, ಹೊನ್ನಾವರ, ಕುಮಟಾ ಭಾಗದ ಧರ್ಮಕೇಂದ್ರಗಳಲ್ಲಿ ದೇವಾಲಯದ ಮಹೋತ್ಸವ ಬಂತೆಂದರೆ ಸ್ಮರಣ ಸಂಚಿಕೆ ತರಬೇಕೆಂಬ ಉತ್ಸಾಹ ಮೂಡುವುದು ಸಹಜ. ಲೇಖನ, ಫೋಟೋ, ಜಾಹೀರಾತು ಸಂಗ್ರಹಿಸಲು ಸಮಿತಿಗಳಿರುತ್ತವೆ. ಆದರೆ ಬರಹವನ್ನು ತಿದ್ದುವ ಕೆಲಸ ಕೊನೆಯ ವಾರದಲ್ಲಿ ಪ್ರೆಸ್ಸಿನ ಡಿಟಿಪಿ ಮಾಡುವವರ ಪಾಲಿಗೆ ಬೀಳುತ್ತದೆ. ಊಟ, ಮಂಟಪ ಮರೆತುಹೋಗುತ್ತವೆ. ಪುಸ್ತಕ ಮಾತ್ರ ಮನೆಯ ಕಪಾಟಿನಲ್ಲಿ ಉಳಿಯುತ್ತದೆ. ಅದರಲ್ಲಿನ ತಪ್ಪನ್ನೇ ಮುಂದಿನವರು ಇತಿಹಾಸವೆಂದು ನಕಲು ಮಾಡುತ್ತಾರೆ.

ಎರಡು ಕೆಲಸ, ಎರಡು ಜಾಣ್ಮೆ

ಸಂಪಾದನೆ ಬೇರೆ, ಕರಡು ತಿದ್ದುವುದು ಬೇರೆ. ಸಂಪಾದಕರು ವಿಷಯ, ಕ್ರಮ, ಭಾಷೆ, ಸತ್ಯಾಂಶ ನೋಡುತ್ತಾರೆ. ಕರಡು ತಿದ್ದುವವರು ಪುಟ ಜೋಡಣೆಯಾದ ಮೇಲೆ ಅಕ್ಷರ, ಅಂಕಿ, ಹೆಸರು, ಫೋಟೋ ಅಡಿಬರಹ ನೋಡುತ್ತಾರೆ.

ಉದಾಹರಣೆಗೆ, "1950ರಲ್ಲಿ ಕಾರವಾರದ ಧರ್ಮಾಧ್ಯಕ್ಷರು ಅಡಿಗಲ್ಲು ಹಾಕಿದರು" ಎಂಬ ವಾಕ್ಯದಲ್ಲಿ ಕಾಗುಣಿತದ ತಪ್ಪಿಲ್ಲ. ಆದರೆ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದೇ 1953ರಲ್ಲಿ. ಅದರಿಂದ ಬೇರ್ಪಟ್ಟು ಕಾರವಾರ ಧರ್ಮಪ್ರಾಂತ್ಯವಾದದ್ದು 1976ರಲ್ಲಿ. ಇದನ್ನು ಹಿಡಿಯುವವರು ಸಂಪಾದಕರು. ಅದೇ 1976 ಅಚ್ಚಿನಲ್ಲಿ 1967 ಆದರೆ ಹಿಡಿಯಬೇಕಾದವರು ಕರಡು ತಿದ್ದುವವರು. ಕಟ್ಟಡಕ್ಕೆ "ಧನ ಸಂಗ್ರಹ" ಎಂಬುದು "ದನ ಸಂಗ್ರಹ" ಆದರೆ ಕಂಪ್ಯೂಟರ್ ಸುಮ್ಮನಿರುತ್ತದೆ. ಎರಡೂ ಸರಿಯಾದ ಪದಗಳೇ.

ಆರಿಸುವಾಗ ಏನು ಕೇಳಬೇಕು?

1. ಮೊದಲು ಎರಡು ಪುಟ ಕೊಟ್ಟು ತಿದ್ದಿಸಿ ನೋಡಿ. ಪದವಿ, ಶಿಫಾರಸಿಗಿಂತ ಇದು ಖಚಿತವಾದ ಪರೀಕ್ಷೆ. ಒಳ್ಳೆಯ ಸಂಪಾದಕರು ತಿದ್ದುವುದಷ್ಟೇ ಅಲ್ಲ, ಪ್ರಶ್ನೆಯನ್ನೂ ಕೇಳುತ್ತಾರೆ.

2. ನಮ್ಮವರು ಮನೆಯಲ್ಲಿ ಕೊಂಕಣಿ ಆಡಿ ಕನ್ನಡದಲ್ಲಿ ಬರೆಯುವವರು. ಕೊಂಕಣಿ ಲೇಖನಗಳಿದ್ದರೆ ಕನ್ನಡ ಲಿಪಿಯ ಕೊಂಕಣಿ ಬಲ್ಲವರೇ ಬೇಕು. ಹಿರಿಯರ ನೆನಪುಗಳಲ್ಲಿ "ಫೆಸ್ತ್" ಎಂದಿದ್ದರೆ ಅದನ್ನು ಗ್ರಾಂಥಿಕ ಪದವಾಗಿ ಬದಲಿಸುವವರು ಬೇಡ.

3. ದರ ಪುಟಕ್ಕೋ, ಪದಕ್ಕೋ? ಎಷ್ಟು ಸಲ ಕರಡು ನೋಡುತ್ತಾರೆ? ಯಾವ ದಿನ ಕೊಡುತ್ತಾರೆ? ಇವೆಲ್ಲ ಬರಹದಲ್ಲಿರಲಿ.

4. ನುಡಿ, ಬರಹದ ಹಳೆಯ ಫಾಂಟುಗಳಿಂದ ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ಆದ್ದರಿಂದ ಕೊನೆಯ ಕರಡನ್ನು ಅಚ್ಚಿಗೆ ಹೋಗುವ ಪಿಡಿಎಫ್‌ನಲ್ಲೇ ನೋಡುವಂತೆ ಒಪ್ಪಿಸಿ.

5. ಜ್ಞಾನಸ್ನಾನ, ವಿವಾಹ ದಾಖಲೆಗಳ ಪ್ರತಿಯನ್ನು ಹೊರಗಿನವರಿಗೆ ಕಳುಹಿಸಬೇಡಿ. ಹೆಸರು, ದಿನಾಂಕಗಳನ್ನು ಧರ್ಮಗುರುಗಳ ಅನುಮತಿಯಿಂದ ಕಚೇರಿಯಲ್ಲೇ ತಾಳೆ ನೋಡಿ.

ಸಮಿತಿಯ ಹೊಣೆ

ಹಣ ಕೊಟ್ಟ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ. ಒಂದೇ ಮನೆತನ ಒಂದು ಪುಟದಲ್ಲಿ "ಫೆರ್ನಾಂಡಿಸ್", ಇನ್ನೊಂದರಲ್ಲಿ "ಫರ್ನಾಂಡಿಸ್" ಆಗಬಾರದು. ಯಾವ ಮನೆಯವರು ಹೇಗೆ ಬರೆಯುತ್ತಾರೆ ಎಂಬ ಪಟ್ಟಿಯನ್ನು ವಾರ್ಡುಗಳ ಮೂಲಕ ಸಮಿತಿಯೇ ಸಿದ್ಧಪಡಿಸಿ ಕೊಡಬೇಕು. ಮೃತರ ಪಟ್ಟಿಯಲ್ಲಿ ತಂದೆಯ ಹೆಸರು ಬಿಟ್ಟುಹೋದರೆ ಆ ಮನೆಯವರಿಗಾಗುವ ನೋವನ್ನು ತಿದ್ದೋಲೆ ಅಳಿಸಲಾರದು.

ಇನ್ನೊಂದು ಮುಖ್ಯ ವಿಷಯ. ಸಂಪಾದಕರ ಒಪ್ಪಿಗೆ ಧರ್ಮಸಭೆಯ ಒಪ್ಪಿಗೆಯಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 826ನೇ ವಿಧಿಯಂತೆ ಪ್ರಾರ್ಥನಾ ಪುಸ್ತಕಕ್ಕೆ ಸ್ಥಳೀಯ ಧರ್ಮಾಧಿಕಾರಿಗಳ ಅನುಮತಿ ಬೇಕು. 827ನೇ ವಿಧಿಯಂತೆ ಧರ್ಮೋಪದೇಶದ ಪುಸ್ತಕಗಳಿಗೂ ಅವರ ಒಪ್ಪಿಗೆ ಬೇಕು. ಸಂಚಿಕೆಯ ಜೊತೆ ನೊವೆನಾ ಪುಸ್ತಿಕೆ ಅಚ್ಚುಹಾಕಿಸುವವರು ಮೊದಲೇ ಧರ್ಮಗುರುಗಳ ಮೂಲಕ ವಿಚಾರಿಸಬೇಕು. ಇದಕ್ಕೂ ಸಮಯ ಹಿಡಿಯುತ್ತದೆ.

ನಾಲ್ಕನೇ ಶತಮಾನದಲ್ಲಿ ಪೋಪ್ ದಮಾಸುಸರ ಕೋರಿಕೆಯಂತೆ ಸಂತ ಜೆರೋಮರು ಲತೀನ್ ಶುಭಸಂದೇಶಗಳ ಪಾಠವನ್ನು ಗ್ರೀಕ್ ಮೂಲದೊಂದಿಗೆ ಹೋಲಿಸಿ ತಿದ್ದಿದರು. ತಿದ್ದುವುದೂ ಒಂದು ಸೇವೆಯೇ. ಸಂಚಿಕೆಯ ಲೆಕ್ಕಪತ್ರದಲ್ಲಿ ಕಾಗದ, ಮುದ್ರಣದ ಜೊತೆಗೆ ಈ ಸೇವೆಗೂ ಒಂದು ಸಾಲು ಇರಲಿ, ಅಚ್ಚಿಗೆ ಮುಂಚೆ ಕನಿಷ್ಠ ಒಂದು ತಿಂಗಳು ಅದಕ್ಕೆ ಮೀಸಲಿರಲಿ.