ಲೇಖನಗಳನ್ನು ಆಯುವ ಕೊಕ್ಕೆ

ಕಾಲೇಜಿನ ಜಾಲತಾಣವೊಂದರ ಮುಖಪುಟದಲ್ಲಿ ಲೇಖನಗಳು ಮಾತ್ರ ಕಾಣಬೇಕು, ಸೂಚನಾಪತ್ರಗಳು ಕಾಣಕೂಡದು ಎಂದಿಟ್ಟುಕೊಳ್ಳೋಣ. 2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ ತಂತ್ರಾಂಶವಾದರೋ ತಾನಾಗಿಯೇ ಎಲ್ಲವನ್ನೂ ಪುಟಕ್ಕೆ 10ರಂತೆ, ಹೊಸತು ಮೊದಲಾಗಿ, ತಂದಿಡುತ್ತದೆ. ಅದರ ಮೂಲ ಕಡತಗಳನ್ನೇ ತಿದ್ದಬಾರದೆ? ತಿದ್ದಬಹುದು, ಆದರೆ ಹೊಸ ಆವೃತ್ತಿ ಬಂದೊಡನೆ ನಮ್ಮ ತಿದ್ದುಪಾಟೆಲ್ಲವೂ ಅಳಿಸಿಹೋಗುವುದು.

ಇದಕ್ಕೆಂದೇ ಅದರ ಕರ್ತೃಗಳು ನಡುನಡುವೆ ಕೊಕ್ಕೆಗಳನ್ನು ಇರಿಸಿದ್ದಾರೆ. ತಂತ್ರಾಂಶವು ತನ್ನ ಕೆಲಸದ ಮಧ್ಯೆ ತುಸು ತಡೆದು, ನಾವು ತಗುಲಿಸಿದ ಆಜ್ಞೆಗಳನ್ನು ನಡೆಸಿ ಮುಂದುವರಿಯುವ ತಾಣವೇ ಕೊಕ್ಕೆ. ಅವುಗಳಲ್ಲಿ 'ಪ್ರಿ ಗೆಟ್ ಪೋಸ್ಟ್ಸ್' ಎಂಬುದು ನಮಗೆ ಬೇಕಾದುದು. ಗ್ರಂಥಾಲಯದಲ್ಲಿ ನಾವು ಬರೆದ ಚೀಟಿಯನ್ನು ಸೇವಕನು ಒಳಗೊಯ್ಯುವ ಮೊದಲೇ ತಿದ್ದಿಕೊಡುವಂತೆ, ದತ್ತಾಂಶ ಭಂಡಾರಕ್ಕೆ ಹೊರಟ ಬೇಡಿಕೆಯನ್ನು ಅದು ತಿದ್ದಗೊಡುತ್ತದೆ. ಪುಸ್ತಕಗಳು ಹೊರಬಂದ ಮೇಲೆ ಬೇರೊಂದು ಚೀಟಿ ಬರೆಯುವುದು ವ್ಯರ್ಥಶ್ರಮ. 'ಕ್ವೆರಿ ಪೋಸ್ಟ್ಸ್' ಎಂಬ ಉಪಾಯ ಮಾಡುವುದು ಅದನ್ನೇ.

ಸೂಚನಾಪತ್ರಗಳ ವರ್ಗಸಂಖ್ಯೆ 3 ಆಗಿದ್ದರೆ, ಬೇಡಿಕೆಯಲ್ಲಿ 'ಕ್ಯಾಟ್' ಎಂಬುದರ ಬೆಲೆಯನ್ನು -3 ಎಂದಿರಿಸಿದರೆ ಸಾಕು. ಋಣಚಿಹ್ನೆಗೆ ಇಲ್ಲಿ 'ಬೇಡ' ಎಂಬ ಅರ್ಥ. ಬಲು ಸೊಗಸಾದ ಸಂಕ್ಷೇಪ!

ಆದರೆ ಅಪಾಯವೂ ಉಂಟು. ಈ ಕೊಕ್ಕೆ ಮುಖಪುಟದ ಚೀಟಿಯೊಂದಕ್ಕೇ ಅಲ್ಲ, ಸಂಪಾದಕರ ಒಳಕೋಣೆಯ ಪಟ್ಟಿಗೂ ತಗಲುತ್ತದೆ. ಎಚ್ಚರ ತಪ್ಪಿದರೆ ಸೂಚನಾಪತ್ರಗಳು ಅಲ್ಲಿಯೂ ಮರೆಯಾಗಿ, ಅಳಿದೇಹೋದವೆಂದು ಸಂಪಾದಕರು ಕಂಗಾಲಾಗುವರು. ಭಂಡಾರದಲ್ಲಿ ಅವು ಭದ್ರವಾಗಿಯೇ ಇರುತ್ತವೆ. ಆದುದರಿಂದ ತಿದ್ದುವ ಮೊದಲು ಕೇಳಿಕೊಳ್ಳಬೇಕು: ಇದು ಆಡಳಿತದ ಪುಟವಲ್ಲವಷ್ಟೆ? ಮುಖಪುಟವೇ ಹೌದೆ? ಪುಟದ ಮುಖ್ಯ ಬೇಡಿಕೆಯೆ? ಈ ಕೊನೆಯ ಪ್ರಶ್ನೆಗೆ ಉತ್ತರಿಸುವ 'ಈಸ್ ಮೇನ್ ಕ್ವೆರಿ' ಎಂಬ ಸಾಧನವು 2011ರಲ್ಲಿ, 3.3ನೆಯ ಆವೃತ್ತಿಯೊಡನೆ ಬಂದಿತು.